ಹತ್ತರ ಮೇಲಿನ ತೇಪೆ

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ ಅಪ್ಪನ ಕೋವಿಯನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿದಾಗ, ಈ ಕೆಲಸವನ್ನು ತಾನು ಹಿಂದೊಮ್ಮೆ ಮಾಡಿದ್ದೇನೆ ಎಂದು ಮೆಂಗಾಳಿಗೆ ಅನ್ನಿಸಿತು. ಕೋವಿಯನ್ನಲ್ಲ, ನೋನಾಳನ್ನು. ತನ್ನನ್ನು ಸಾಕಿದ ಅಜ್ಜಿ ತೀರಿಕೊಂಡಾಗ ಅವಳನ್ನು ಇದೇ ಮೇಜಿನ ಮೇಲೆ, ಇದೇ ಕಿಟಕಿಯ ಬೆಳಕಿನಲ್ಲಿ, ಬಿಸಿನೀರಿಗೆ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದ್ದಳು. ಆಗಲೂ ಅಪ್ಪ ಪಕ್ಕದ ಕೋಣೆಯಲ್ಲಿ ಒಲೆಗೆ ಬೆನ್ನು ಕೊಟ್ಟು ಕೂತಿದ್ದ, ಆಗಲೂ ಒಳಗೆ ಬಂದಿರಲಿಲ್ಲ. ಆಗ ಅವನಿಗೆ ಕಣ್ಣು ಕಾಣುತ್ತಿತ್ತು, ನೋಡಬಾರದೆಂದು ಕೂತಿದ್ದ. ಈಗ ಕಣ್ಣು ಹೋಗಿ ನಾಲ್ಕು ವರ್ಷವಾಗಿದೆ, ಕೇಳಿಸಿಕೊಳ್ಳಲೆಂದೇ ಕೂತಿದ್ದಾನೆ. ತೆರೆದ ಬಾಗಿಲಿನಿಂದ ಅವನ ಮೊಣಕಾಲುಗಳೂ ಅವುಗಳ ಮೇಲಿಟ್ಟ ಕೈಗಳೂ ಮಾತ್ರ ಕಾಣುತ್ತಿದ್ದವು. ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಉಜ್ಜುತ್ತಲೇ ಇತ್ತು, ಏನನ್ನೋ ಎಣಿಸುವವನ ಹಾಗೆ, ಅಥವಾ ಅಂಟಿಕೊಂಡ ಏನನ್ನೋ ಬಿಡಿಸುವವನ ಹಾಗೆ.

"ಬೋಲ್ಟ್ ಎಳೆದೆಯಾ?"

"ಎಳೆದೆ," ಎಂದಳು, ಗುಂಡಿನ ಬಾಯಿ ಮುಚ್ಚುವ ಆ ಉಕ್ಕಿನ ಅಗುಳಿಯನ್ನು ಹಿಂದಕ್ಕೆ ಜಾರಿಸಿ.

"ಸದ್ದೇ ಬರಲಿಲ್ಲ."

"ಗ್ರೀಸು ಗಟ್ಟಿಯಾಗಿದೆ ಅಪ್ಪ. ಜೇನಿನ ಥರ ಎಳೆ ಎಳೆಯಾಗಿ ಬರ್ತಿದೆ."

"ಮೂವತ್ತಮೂರು ವರ್ಷ ಇಟ್ಟರೆ ಜೇನೂ ಕಲ್ಲಾಗುತ್ತೆ," ಎಂದ ಅಪ್ಪ. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅಪ್ಪನ ಯಾವ ಮಾತಿನಲ್ಲಿ ಚುಚ್ಚು ಇದೆ ಯಾವುದರಲ್ಲಿ ಇಲ್ಲ ಎಂದು ಹುಡುಕುವುದರಲ್ಲೇ ಅವಳ ನಲವತ್ತೆಂಟು ವರ್ಷಗಳಲ್ಲಿ ಬಹುಪಾಲು ಕಳೆದುಹೋಗಿತ್ತು.

ಇವತ್ತು ಹೇಳಿಬಿಡಬೇಕು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಈ ಮಾತು ಎದ್ದು ಮಂಚದ ಅಂಚಿನಲ್ಲಿ ಕೂತು ಅವಳಿಗಾಗಿ ಕಾಯುತ್ತಿತ್ತು. ನಾಳೆ ಭಾನುವಾರ, ಕಣಿವೆಯ ಊರುಗಳ ಶರತ್ಕಾಲದ ಗುರಿಸ್ಪರ್ಧೆ. ಸೋಮವಾರ ಬೆಳಗಿನ ರೈಲಿಗೆ ಅಪ್ಪನನ್ನು ಕೆಳಗಿನ ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು. ಎಂಬತ್ತೊಂದರ ಹೃದಯ, ಕೊಯ್ದು ನೋಡದೆ ಏನೂ ಹೇಳಲಾಗದು, ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ ಎಂದಿದ್ದರು ಡಾಕ್ಟರು. ಅಪ್ಪ ಆಗ ನಕ್ಕಿದ್ದ. ಅರ್ಧಕ್ಕರ್ಧ ಅಂದರೆ ಒಳ್ಳೆಯ ಗುರಿಕಾರನೇ ಬಿಡಿ ಎಂದಿದ್ದ. ಹಾಗಾದರೆ ಉಳಿದದ್ದು ಇವತ್ತೊಂದು ದಿನ. ನಳಿಗೆ ಶುದ್ಧವಾದ ಕೂಡಲೇ ಹೇಳುತ್ತೇನೆ ಎಂದು ಅವಳು ತನಗೇ ಗಡುವು ಹಾಕಿಕೊಂಡಳು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ಚೂರನ್ನು ದಾರದ ಕೊನೆಗೆ ಸಿಕ್ಕಿಸಿ ನಳಿಗೆಯ ಹಿಂಬದಿಯಿಂದ ತುದಿಗೆ ಎಳೆದಳು. ಕಂದು ಬಂತು. ಮತ್ತೊಂದು ಎಳೆದಳು. ಕಂದು. ಆಮೇಲೆ ಬೂದಿ, ಆಮೇಲೆ ತೆಳು ಬೂದಿ. ಹನ್ನೊಂದನೆಯದು ಬೆಳ್ಳಗೆ ಬಂದಾಗ ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನಲ್ಲಿ ಇನ್ನೂ ಏನೋ ಇದೆ ಎಂದುಕೊಂಡು, ಹನ್ನೆರಡನೆಯದನ್ನು ಕತ್ತರಿಸಿದಳು.

ಮಾಡಿದ್ದನ್ನು ಹೇಳಲು ಎರಡು ವಾಕ್ಯ ಸಾಕು. ಅದೇ ಅವಳಿಗೆ ಯಾವಾಗಲೂ ಅವಮಾನದ ಸಂಗತಿಯಾಗಿ ಕಾಣುತ್ತಿತ್ತು, ಒಂದು ಜೀವನವನ್ನು ತಿಂದುಹಾಕಿದ್ದು ಇಷ್ಟು ಚಿಕ್ಕದೆ ಎಂದು. ಅವಳಿಗೆ ಹದಿನೈದು ವರ್ಷವಾಗಿದ್ದಾಗ ಇದೇ ಸ್ಪರ್ಧೆಯಲ್ಲಿ, ಮುನ್ನೂರು ಮೀಟರಿನಾಚೆ ಗುರಿಗಳ ಕೆಳಗಿನ ಹಳ್ಳದಲ್ಲಿ ನಿಂತು, ಏಳನೇ ಗುರಿಯ ಗುಂಡುಗಳನ್ನು ತೋರಿಸುವ ಕೆಲಸ ಅವಳದಾಗಿತ್ತು. ಅಪ್ಪ ಹೊಡೆದ ಕೊನೆಯ ಗುಂಡು ನಟ್ಟನಡುವೆ, ಹತ್ತು ಅಂಕದ ಉಂಗುರದ ಒಳಗೆ ಬಿದ್ದಿತ್ತು. ಅವಳು ತೂತಿಗೆ ತೇಪೆ ಹಚ್ಚಿ, ಸೊನ್ನೆ ಎಂದು ತೋರಿಸಿದಳು.

ಅಷ್ಟೇ. ಗುಂಡು ಬಿದ್ದಾಗ ಹಲಗೆ ಸಣ್ಣಗೆ ಕೆಮ್ಮಿದಂತಾಗುತ್ತಿತ್ತು. ಚೌಕಟ್ಟನ್ನು ಕೆಳಕ್ಕೆಳೆದು, ತೂತು ಹುಡುಕಿ, ಅಂಚೆಚೀಟಿಯಂಥ ಕಪ್ಪು ಕಾಗದದ ತುಂಡಿಗೆ ನಾಲಿಗೆ ಸವರಿ ಅಂಟಿಸಿ, ಮತ್ತೆ ಮೇಲಕ್ಕೆ ತಳ್ಳಿ, ಉದ್ದ ಕೋಲಿನ ತುದಿಯ ಕೆಂಪು-ಬಿಳಿ ಬಿಲ್ಲೆಯನ್ನು ಗುಂಡು ಬಿದ್ದ ಜಾಗಕ್ಕೆ ಹಿಡಿಯಬೇಕು. ತಪ್ಪಿದ್ದರೆ ಬಿಲ್ಲೆಯನ್ನು ಗುರಿಯ ಮುಖದ ಮೇಲೆ ಎಡಕ್ಕೂ ಬಲಕ್ಕೂ ಬೀಸಬೇಕು, ಬೇಡ ಬೇಡ ಎಂದು ತಲೆಯಾಡಿಸಿದ ಹಾಗೆ. ಗೆದ್ದ ಊರು ಇಟ್ಟುಕೊಳ್ಳುವ ಬಾವುಟ ತಮ್ಮ ಊರು ವಾಲ್ಪ್ರಾದದಲ್ಲೇ ಉಳಿಯಲು ಇನ್ನು ಆರು ಅಂಕ ಬೇಕಿತ್ತು, ಹೊಡೆಯಲು ಉಳಿದಿದ್ದವನು ಅಪ್ಪನೊಬ್ಬನೇ, ಅವನಿಗೆ ಉಳಿದಿದ್ದದ್ದು ಒಂದೇ ಗುಂಡು. ಅವಳು ಎಡಕ್ಕೂ ಬಲಕ್ಕೂ ಬೀಸಿದಳು. ಬೀಸುವಾಗ ಕೈ ಎಷ್ಟು ಹಗುರವಾಗಿತ್ತು! ಹಳ್ಳದ ಮೇಸ್ತ್ರಿ ಬಾಲ್ಸರ್ ಓಡಿ ಬಂದು, ಹಲಗೆ ಇಳಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ; ಇಡೀ ದಿನದ ತೇಪೆಗಳ ನಡುವೆ ಒದ್ದೆಯಾದ ಒಂದು ತೇಪೆ ಅವನಿಗೆ ಬೇರೆಯಾಗಿ ಕಾಣಲಿಲ್ಲ. ಬಾಯಿ ತೆರೆದ ತೂತು ಒಂದೂ ಇಲ್ಲ. ಸೊನ್ನೆಯೇ, ಎಂದ ಬಾಲ್ಸರ್, ಫೋನಿನ ಹಿಡಿಕೆ ತಿರುಗಿಸುತ್ತ.

ಯಾಕೆ ಎಂದು ಅಪ್ಪ ಕೇಳಿದರೆ? ಕಾರಣ ಇನ್ನೂ ಚಿಕ್ಕದು. ಒಂದು ನೋಟುಬುಕ್ಕು. ನೋನಾ ಹೇಳಿದ ಕಥೆಗಳನ್ನು, ಹೇಳದೆ ಬಿಟ್ಟಿದ್ದನ್ನು ತಾನೇ ಸೇರಿಸಿ, ಅವಳು ಅದರಲ್ಲಿ ಬರೆಯುತ್ತಿದ್ದಳು: ಬೆಟ್ಟದ ಮೇಲಿನ ಸರೋವರದೊಳಗೆ ಇರುವವನು ಕೆಳಗೆ ಊರಿಗೆ ಹೆಣ್ಣು ಕೇಳಲು ಬರುವುದು, ಅವನ ಪಾದ ಇಟ್ಟಲ್ಲೆಲ್ಲ ಒದ್ದೆ, ಹುಡುಗಿ ಆ ಒದ್ದೆಯನ್ನೇ ಹಿಂಬಾಲಿಸಿ ಹೋಗುವುದು. ಅಪ್ಪ ಅದನ್ನು ಎಲ್ಲಿಂದಲೋ ಹೆಕ್ಕಿ, ಗುರಿಕಾರರ ಸಂಘದವರು ಕುಡಿಯಲು ಸೇರುವ ಛತ್ರದ ಕೋಣೆಗೆ ಒಯ್ದು, ಗ್ಲಾಸುಗಳ ನಡುವೆ ಗಟ್ಟಿಯಾಗಿ ಓದಿದ. ಕೆಟ್ಟ ಮನಸ್ಸಿನಿಂದಲ್ಲ. ಹೆಮ್ಮೆಯಿಂದಲೇ ಇದ್ದೀತು. ಆದರೆ ಓದುತ್ತ ಓದುತ್ತ ಜನ ನಗತೊಡಗಿದಾಗ ಅವನೂ ದನಿ ಬದಲಿಸಿ ನಗಿಸಲು ಓದಿದ. ಬಿಯರಿನ ಖಾಲಿ ಲೋಟಗಳನ್ನು ಒಯ್ಯಲು ನಿಂತಿದ್ದ ಅವಳು ಬಾಗಿಲಲ್ಲೇ ಎಲ್ಲ ಕೇಳಿದಳು. ಆ ವಾರದಿಂದ ಊರಿಗೆಲ್ಲ ಅವಳು 'ಸರೋವರದ ಸೊಸೆ'. ಮುಂದಿನ ಭಾನುವಾರ ಏಳನೇ ಗುರಿಯ ಹಲಗೆ ಕೆಮ್ಮಿತು.

"ಒಳಗೆ ಏನಾಯ್ತು? ನಿಂತುಬಿಟ್ಟೆ."

"ಏನಿಲ್ಲ ಅಪ್ಪ. ಬಟ್ಟೆ ಕತ್ತರಿಸ್ತಿದ್ದೆ."

"ಕತ್ತರಿಸು, ಹಲ್ಲಲ್ಲಿ ಹರೀಬೇಡ. ಇಲಿ ಕಚ್ಚಿದ ಹಾಗಿರುತ್ತೆ ನೀನು ಹರಿದದ್ದು."

ಚಿಕ್ಕಂದಿನಿಂದ ಅವಳಿಗಿದ್ದ ಅಭ್ಯಾಸ ಅದು. ದಾರ, ಕಾಗದ, ಎಲ್ಲವನ್ನೂ ಮುಂದಿನ ಎರಡು ಹಲ್ಲುಗಳಿಂದ ಹರಿಯುವುದು. ಎಷ್ಟು ವರ್ಷದ ಮೇಲೆ ಅಪ್ಪ ಇದನ್ನು ಹೇಳಿದ್ದು! ಮೆಂಗಾ ಕತ್ತರಿಯನ್ನು ಮೇಜಿನ ಮೇಲೆ ಬೇಕೆಂದೇ ಸದ್ದಾಗುವಂತೆ ಇಟ್ಟಳು.

ಇಷ್ಟೂ ವರ್ಷ ಈ ಕೋವಿಯನ್ನು ಯಾರೂ ಮುಟ್ಟಿರಲಿಲ್ಲ. ಸೈನ್ಯಕ್ಕೆ ಸೇರಿದಾಗ ಇಪ್ಪತ್ತರ ಹುಡುಗನ ಕೈಗೆ ಕೊಟ್ಟದ್ದು. ಸೇವೆ ಮುಗಿದ ಮೇಲೆ ಎಲ್ಲರ ಹಾಗೆ ಅವನೂ ಮನೆಯಲ್ಲೇ ಉಳಿಸಿಕೊಂಡ. ಹೆಗಲಿಗೆ ಒತ್ತುವ ಅದರ ಬುಡದ ಮರವೆಲ್ಲ ಗಾಯ. ಬೂಟಿಗಂಟಿದ ಹಿಮವನ್ನು ಅದರಿಂದಲೇ ಬಡಿದು ಉದುರಿಸುವಾಗ ಬೂಟಿನ ಮೊಳೆ ತಾಗಿ ತಾಗಿ, ಮರಕುಟಿಗ ಕುಟ್ಟಿದ ಹಾಗೆ ಗುಳಿಗಳು. ಆ ಭಾನುವಾರದ ಮರುದಿನ ಅಪ್ಪ ಅದಕ್ಕೆ ಬೆರಳು ದಪ್ಪ ಗ್ರೀಸು ಬಳಿದು, ಕಂಬಳಿಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದ. ಸಂಘ ಬಿಟ್ಟ. ಛತ್ರ ಬಿಟ್ಟ. ಕುಡಿದಿದ್ದ, ಅದಕ್ಕೇ ಗುಂಡು ಬೆಟ್ಟಕ್ಕೆ ಹೋಯಿತು ಎಂದು ಜನ ಅಂದುಕೊಂಡರು. ಅಪ್ಪ ಇಲ್ಲ ಎನ್ನಲಿಲ್ಲ. ಆ ಬೆಳಿಗ್ಗೆ ಅವನು ಕುಡಿದದ್ದು ಹಾಲು ಹಾಕಿದ ಕಾಫಿ, ಅದನ್ನು ಬಿಸಿ ಮಾಡಿ ಕೊಟ್ಟವಳು ಅವಳೇ. ಆ ಸೊನ್ನೆಗೆ ಅಪ್ಪ ತಕರಾರು ಹಾಕಬಹುದಿತ್ತು. ಹಾಕಿದ್ದರೆ ನಿಯಮದಂತೆ ಹಲಗೆಯನ್ನೇ ಮೇಲೆ ತರಿಸಿ ಎಲ್ಲರೆದುರು ತೇಪೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು, ಬರೆದಿಟ್ಟ ಗುಂಡುಗಳಿಗಿಂತ ಒಂದು ತೇಪೆ ಹೆಚ್ಚು ಸಿಗುತ್ತಿತ್ತು. ಆಮೇಲೆ ಜನ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು: ಅಪ್ಪ, ಅವರ ಬಾಯಲ್ಲಿ ಯಾಚೆನ್, ಗುಂಡು ಹೊಡೆಯಲು ಬೋರಲು ಮಲಗಿದಲ್ಲಿಂದ ಏಳಲೇ ಇಲ್ಲವಂತೆ, ಬಹಳ ಹೊತ್ತು ಗುರಿಯತ್ತಲೇ ನೋಡಿದನಂತೆ, ಏಳನೇ ಗುರಿಯಲ್ಲಿ ಯಾರಿದ್ದಾರೆ ಎಂದು ಒಂದೇ ಒಂದು ಮಾತು ಕೇಳಿದನಂತೆ. ನಿನ್ನ ಮಗಳೇ ಎಂದರಂತೆ. ಹಾಗಾದರೆ ಬೇಡ, ತಕರಾರಿಲ್ಲ ಎಂದನಂತೆ. ಈ 'ಹಾಗಾದರೆ ಬೇಡ' ಮೂವತ್ತಮೂರು ವರ್ಷ ಅವಳ ಜೊತೆಗೇ ಇತ್ತು. ಮಗಳು ತಪ್ಪು ತೋರಿಸಲಾರಳು ಎಂದು ನಂಬಿದ. ತನ್ನ ಕಣ್ಣಿಗಿಂತ, ತನ್ನ ಬೆರಳಿಗಿಂತ ಅವಳನ್ನು ನಂಬಿದ. ಅವನು ಬೈದಿದ್ದರೆ, ಸಂಶಯಪಟ್ಟಿದ್ದರೆ, ಒಂದು ಏಟು ಕೊಟ್ಟಿದ್ದರೆ ಅವಳು ಎಂದೋ ಬೇರೆ ಊರಿಗೆ ಹೋಗಿಬಿಡುತ್ತಿದ್ದಳು. ಅಂಚೆಬಸ್ಸು ಓಡಿಸುತ್ತಿದ್ದ ಫ್ಲುರಿನ್ ಅವಳನ್ನು ಮದುವೆಯಾಗಲು ಎರಡು ವರ್ಷ ಕಾದು, ಕೊನೆಗೆ, ನಿನಗೆ ನಿಮ್ಮಪ್ಪನನ್ನು ಬಿಟ್ಟು ಬರಲು ಇಷ್ಟವಿಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳು, ನಾನು ಕೇಳುವುದನ್ನು ನಿಲ್ಲಿಸುತ್ತೇನೆ ಎಂದಿದ್ದ. ಅದನ್ನೂ ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಅವನು ತಾನಾಗಿ ನಿಲ್ಲಿಸಿದ.

ನೋನಾಳಿಗೊಬ್ಬಳಿಗೆ ಅರ್ಧ ಹೇಳಿದ್ದಳು, ಕಥೆಯೆಂಬಂತೆ. ಒಬ್ಬ ಹುಡುಗಿ ಇದ್ದಳಂತೆ ನೋನಾ, ಅವಳು ಒಂದು ಸುಳ್ಳು ಹೇಳಿದಳಂತೆ. ನೋನಾ ಹೆಣಿಗೆಯ ಕಡ್ಡಿ ನಿಲ್ಲಿಸದೆ ಮುಂದುವರಿಸಿದ್ದಳು: ಮೊದಲ ಹಿಮ ಬೀಳುವ ಮುಂಚೆ ಹೇಳಬೇಕಾದ ಮಾತನ್ನು ಹೇಳದಿದ್ದರೆ ಅದು ಬೆಟ್ಟದ ದಪ್ಪ ಅಳಿಲು ಮಾರ್ಮಟ್‌ನ ಹಾಗೆ ಬಿಲ ಸೇರಿಕೊಳ್ಳುತ್ತದೆ ಮಗೂ. ಚಳಿಗಾಲವೆಲ್ಲ ಮಲಗಿ ಮಲಗಿ ಕೊಬ್ಬುತ್ತದೆ. ಮಾರ್ಮಟ್ ಆದರೆ ನಿದ್ದೆಯಲ್ಲಿ ಸೊರಗುತ್ತದೆ, ವಸಂತಕ್ಕೆ ಹೊರಗೆ ಬರುತ್ತದೆ. ಮಾತು ಹಾಗಲ್ಲ, ಅದು ನಿದ್ದೆಯಲ್ಲೇ ಬೆಳೆಯುವುದು. ಬಿಲದ ಬಾಯಿಗಿಂತ ದೊಡ್ಡದಾದ ಮೇಲೆ ಅದಕ್ಕೇ ಬೇಕೆಂದರೂ ಹೊರಗೆ ಬರಲಾಗುವುದಿಲ್ಲ. ಆಮೇಲೆ ಏನಾಗುತ್ತದೆ ಎಂದು ಕೇಳಿದ್ದಳು ಮೆಂಗಾ. ನೋನಾ ಕಡ್ಡಿ ಬದಲಿಸಿದಳು. ಆಮೇಲೆ ಏನು, ಆ ಬೆಟ್ಟದ ಮೇಲೆ ಮನೆ ಕಟ್ಟಿಕೊಂಡವರಿಗೆ ನೆಲದೊಳಗೆ ಉಸಿರಾಡುವುದು ಕೇಳುತ್ತಿರುತ್ತದೆ. ಆ ಚಳಿಗಾಲದಲ್ಲೇ ನೋನಾ ಹೋದಳು.

"ಬುಡದ ತಟ್ಟೆನೂ ಬಿಚ್ಚು," ಎಂದ ಅಪ್ಪ ಒಳಗಿನಿಂದ. ದನಿ ಮಾಮೂಲಿಗಿಂತ ಸಣ್ಣಗಿತ್ತು. "ಉಕ್ಕಿನ ತಟ್ಟೆಯ ಒಳಗೆ ಮರಕ್ಕೆ ತೇವ ಕೂತಿರುತ್ತೆ. ಎರಡೇ ಸ್ಕ್ರೂ."

"ಗೊತ್ತು."

"ಗೊತ್ತಿರುತ್ತೆ."

ಅವಳು ಸ್ಕ್ರೂ ಡ್ರೈವರ್ ಹುಡುಕಲು ಗೂಡಿನ ಕಡೆ ತಿರುಗಿದ್ದಳು, ಅಷ್ಟರಲ್ಲಿ ಹೊರಬಾಗಿಲು ಬಡಿಯದೆಯೇ ತೆರೆದು, ಬೂಟು ಕೊಡವುವ ಸದ್ದಿನೊಂದಿಗೆ ತುಮಾಶ್ ಬಂದ. ಸಂಘದ ಅಧ್ಯಕ್ಷ, ಎಪ್ಪತ್ತಾರು ವರ್ಷ. ಚರ್ಮದ ಚೀಲದಲ್ಲಿ ಒಂದೂವರೆ ಕಿಲೋದ ತೂಕದ ಕಲ್ಲು. ಸ್ಪರ್ಧೆಯ ಹಿಂದಿನ ದಿನ ಎಲ್ಲರ ಮನೆಗೂ ಹೋಗಿ ಟ್ರಿಗರ್ ತೂಗಿ ನೋಡುವುದು ಅವನ ಹಕ್ಕು. ತೂಕವನ್ನು ಟ್ರಿಗರಿಗೆ ನೇತುಹಾಕಿ ಕೋವಿಯನ್ನು ಎತ್ತಿದಾಗ ಅದು ಬಿಟ್ಟುಕೊಡಬಾರದು; ಬಿಟ್ಟುಕೊಟ್ಟರೆ ಯಾರೋ ಒಳಗೆ ಅರ ಹಾಕಿ ಹಗುರ ಮಾಡಿದ್ದಾರೆ ಎಂದರ್ಥ, ಆ ಕೋವಿ ಮನೆಯಲ್ಲೇ ಉಳಿಯುತ್ತದೆ. ಎರಡು ವಾರದ ಹಿಂದೆ, ಎಂಟು ಜನರ ತಂಡಕ್ಕೆ ಒಬ್ಬರು ಕಡಿಮೆಯಾಗಿ, ಸಂಘದ ಕೋವಿಯಲ್ಲಿ ವರ್ಷಕ್ಕೊಮ್ಮೆ ಹೊಡೆಯುತ್ತಿದ್ದ ಮೆಂಗಾಳನ್ನು ಕೇಳಲು ಬಂದವನೂ ಇವನೇ. ಹಳೆಯ ಸೈನ್ಯದ ಕೋವಿಗಳಿಗೆ ಮಾತ್ರ ಅವಕಾಶ, ಎಲ್ಲಾದರೂ ಹೊಂದಿಸಿಕೊಡುತ್ತೇನೆ ಎಂದು ಅವನು ಹೇಳುತ್ತಿದ್ದಾಗ, ಒಲೆಯ ಬಳಿಯಿಂದ ಅಪ್ಪ, ಅವಳು ನನ್ನದನ್ನೇ ಒಯ್ಯಲಿ ಎಂದುಬಿಟ್ಟಿದ್ದ. ತುಮಾಶನ ಬಾಯಿ ತೆರೆದೇ ಉಳಿದಿತ್ತು.

"ಏನಮ್ಮಾ ಸರೋವರದ ಸೊಸೆ, ಮದುಮಗಳಿಗೆ ಸ್ನಾನ ಆಯ್ತಾ?"

"ಆಯ್ತು ತುಮಾಶ್ ಮಾಮ. ಸಿಂಗಾರ ಮಾಡೋದೊಂದು ಬಾಕಿ," ಎಂದಳು, ಎಂದಮೇಲೆ ತನ್ನ ದನಿಯ ಹಗುರಕ್ಕೆ ತಾನೇ ಬೆಚ್ಚಿದಳು. ಜನರೆದುರು ಎಷ್ಟು ಸುಲಭವಾಗಿ ಮಾತು ಬರುತ್ತದೆ.

ತುಮಾಶ್ ಬೋಲ್ಟನ್ನು ಎಳೆದು ತಳ್ಳಿದ. ಮೂವತ್ತಮೂರು ವರ್ಷದ ಮೇಲೆ ಮೊದಲ ಸಲ ಆ ಸದ್ದು ಮನೆಯಲ್ಲಿ ಆಯಿತು, ಹಿಂದಕ್ಕೊಂದು ಮುಂದಕ್ಕೊಂದು, ಎರಡೇ ಅಕ್ಷರದ ಮಾತಿನಂತೆ. ಒಳಗೆ ಅಪ್ಪನ ಹೆಬ್ಬೆರಳು ನಿಂತಿತು. ತುಮಾಶ್ ತೂಕವನ್ನು ಸಿಕ್ಕಿಸಿ, ನಳಿಗೆಯನ್ನು ಚಾವಣಿಯತ್ತ ಹಿಡಿದು, ನಿಧಾನಕ್ಕೆ ಮೇಲೆತ್ತಿದ. ತೂಕ ಮೇಜು ಬಿಟ್ಟು ಎದ್ದು, ಗಾಳಿಯಲ್ಲಿ ಸ್ವಲ್ಪ ತೂಗಾಡಿ, ನಿಂತಿತು. ಟ್ರಿಗರ್ ಅರ್ಧ ದಾರಿ ಬಂದು ಅಲ್ಲೇ ಹಲ್ಲು ಕಚ್ಚಿಕೊಂಡಿತ್ತು. ಬಿಟ್ಟುಕೊಡಲಿ ಎಂದು ಮೆಂಗಾಳ ಒಳಗೆ ಯಾರೋ ಬೇಡಿಕೊಂಡರು. ಬಿಟ್ಟುಕೊಟ್ಟರೆ ನಾಳೆ ಇಲ್ಲ, ಕೋವಿ ಮತ್ತೆ ಅಟ್ಟಕ್ಕೆ, ಎಲ್ಲ ಮೊದಲಿನಂತೆ. ಬಿಟ್ಟುಕೊಡಲಿಲ್ಲ.

"ಗಟ್ಟಿ ಮುದುಕಿ," ಎಂದ ತುಮಾಶ್ ತೂಕ ಬಿಚ್ಚುತ್ತ. ಆಮೇಲೆ ಬಾಗಿಲಿಗೆ ಒರಗಿ ಒಳಗಿನವನಿಗೆ ಕೇಳುವಂತೆ, "ಯಾಚೆನ್, ಸೋಮವಾರ ನಿನ್ನನ್ನ ಕೊಯ್ತಾರಂತೆ. ಹೋಗೋ ಮುಂಚೆ ಒಂದು ನಿಜ ಹೇಳಿ ಹೋಗು ಮಾರಾಯ. ಆವತ್ತು ಬೆಳಿಗ್ಗೆ ಎಷ್ಟು ಗ್ಲಾಸು ಹಾಕಿದ್ದೆ?"

"ಹೋದ ಸಲ ಎಷ್ಟು ಅಂದಿದ್ದೆ?"

"ಮೂರು."

"ನಾಲ್ಕು ಅಂತ ಬರ್ಕೋ."

"ಹತ್ತು ವರ್ಷಕ್ಕೊಂದು ಗ್ಲಾಸು ಏರಿಸ್ತಾನೆ ನೋಡು ಇವನು," ಎಂದು ತುಮಾಶ್ ನಕ್ಕ. ಆದರೆ ನಗು ಪೂರ್ತಿ ಬರಲಿಲ್ಲ. "ಆ ಬಾವುಟ ಇನ್ನೂ ನದಿಯಾಚೆ ರುವಿನಾಸಿನವರ ಗಾಜಿನ ಪೆಟ್ಟಿಗೆಯಲ್ಲಿದೆ ಗೊತ್ತಾ. ನುಸಿ ತಿಂದು ಜರಡಿ ಆಗಿದೆ. ನಾಳೆ ಗೆದ್ದು ತಂದರೂ ಪಾತ್ರೆ ಒರೆಸೋಕೂ ಬರಲ್ಲ. ಆದರೂ ಬೇಕು ಕಣೋ. ಸಾಯೋದರೊಳಗೆ ಒಂದು ಸಲ ನಮ್ಮ ಕಡೆ ಬರಬೇಕು." ಚೀಲ ಹೆಗಲಿಗೇರಿಸಿಕೊಂಡ. "ನೀನು ತಕರಾರು ಹಾಕಬೇಕಿತ್ತು. ಹಲಗೆ ತರಿಸಿ ನೋಡಿದ್ರೆ ನಮಗಾದ್ರೂ ಸಮಾಧಾನ ಇರ್ತಿತ್ತು."

ಮೆಂಗಾಳ ಕೈಯಲ್ಲಿದ್ದ ಬಟ್ಟೆಯಿಂದ ಸೀಮೆಎಣ್ಣೆ ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು. ಈಗ ಹೇಳಬಹುದಿತ್ತು. ಇಬ್ಬರೂ ಇದ್ದರು. ಮಾಮ, ಅವನು ಕುಡಿದಿರಲಿಲ್ಲ, ನಾನು. 'ನಾನು' ಎಂಬಲ್ಲಿಯವರೆಗೆ ವಾಕ್ಯ ಬಂದು ನಿಂತಿತು, ಟ್ರಿಗರಿನ ಹಾಗೆಯೇ ಅರ್ಧ ದಾರಿಯಲ್ಲಿ. ಎಷ್ಟು ತೂಕ ಕಟ್ಟಿದರೂ ಮುಂದಿನ ಅರ್ಧ ಬರಲಿಲ್ಲ. "ಕಾಫಿ ಕುಡೀತೀರಾ ಮಾಮ?" ಎಂದಳು. ಇನ್ನೂ ಮೂರು ಮನೆ ಇದೆ ಎಂದು ತುಮಾಶ್ ಹೊರಟುಹೋದ. ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಒಲೆಯ ಬಳಿ ಸಣ್ಣಗೆ ಕೆಮ್ಮಿದ.

ತುಮಾಶನೆದುರು ಅಲ್ಲ, ಒಬ್ಬನಿಗೇ ಹೇಳಬೇಕು, ಅದೇ ಸರಿ ಎಂದುಕೊಳ್ಳುತ್ತ ಮೆಂಗಾ ಸ್ಕ್ರೂ ಡ್ರೈವರ್ ಹುಡುಕಿ ತಂದಳು. ತಟ್ಟೆ ಬಿಚ್ಚಿ, ತೇವ ಒರೆಸಿ, ನಳಿಗೆ ತುದಿಯಲ್ಲಿ ಗುರಿ ಹಿಡಿಯುವ ಕಡ್ಡಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಆಮೇಲೆ. ಬಿಸಿಲಿಗೆ ಆ ಕಡ್ಡಿ ಹೊಳೆದರೆ ಕಣ್ಣು ಮೋಸಹೋಗುತ್ತದೆ, ಮಸಿ ಹಿಡಿಸಲೇಬೇಕು. ಬುಡದ ತಟ್ಟೆಯ ಎರಡೂ ಸ್ಕ್ರೂಗಳ ಸೀಳುಗಳು ನೆಟ್ಟಗೆ ಮೇಲು-ಕೆಳಗೆ ನಿಂತಿದ್ದವು. ಅಪ್ಪ ಬಿಗಿದ ಸ್ಕ್ರೂಗಳೆಲ್ಲ ಹಾಗೇ, ಮನೆಯ ಬಾಗಿಲ ತಿರುಗಣೆಗಳಲ್ಲೂ ಹಾಗೇ; ಸೀಳು ನಿಂತಿದ್ದರೆ ನಾನು ಬಿಗಿದದ್ದು, ವಾಲಿದ್ದರೆ ಯಾರೋ ಮುಟ್ಟಿದ್ದಾರೆ ಎಂದು ಅವನು ಹೇಳುತ್ತಿದ್ದ. ಮೊದಲನೆಯದು ಕಿರುಗುಟ್ಟುತ್ತ ಬಂತು. ಎರಡನೆಯದು ಬೆಣ್ಣೆಯಂತೆ ಬಂತು. ಒಳಗಿನ ಮರದ ಗುಳಿಯಲ್ಲಿ, ಎಲ್ಲ ಸೈನಿಕರ ಕೋವಿಗಳಲ್ಲಿ ಇರುವ ಹಾಗೆ, ಒಡೆಯನ ಹೆಸರಿನ ಚೀಟಿ ಇತ್ತು. ಇಪ್ಪತ್ತರ ಯಾಚೆನ್ನನ ದುಂಡಗಿನ ಅಕ್ಷರ: ಹೆಸರು, ತುಕಡಿ, ವಾಲ್ಪ್ರಾದ. ಶಾಯಿ ಕಂದಾಗಿತ್ತು. ಅದನ್ನು ಉಗುರಿನಿಂದ ಎತ್ತಿದಾಗ ಕೆಳಗೆ ಮಡಿಸಿಟ್ಟ ಮತ್ತೊಂದು ಕಾಗದ ಕಂಡಿತು. ಕಪ್ಪಗಿತ್ತು.

ಅವಳು ಅದನ್ನು ಬಿಡಿಸುವ ಮೊದಲೇ ಅವಳ ನಾಲಿಗೆಗೆ ಗೊತ್ತಾಯಿತು. ಅಂಟಿನ ರುಚಿ, ಸಿಹಿಯೂ ಅಲ್ಲದ ಕಹಿಯೂ ಅಲ್ಲದ ಆ ರುಚಿ ಬಾಯಿ ತುಂಬಿತು. ಗುರಿಹಲಗೆಯ ಮೇಲಿನ ಕಾಗದದ ನಡುಭಾಗ, ಕತ್ತಿಯಿಂದ ಚೌಕವಾಗಿ ಕೊಯ್ದದ್ದು. ತೇಪೆಗಳ ಮೇಲೆ ತೇಪೆ. ನಟ್ಟನಡುವೆ, ಹತ್ತರ ಉಂಗುರದ ಒಳಗೆ, ಕೊನೆಗೆ ಹಚ್ಚಿದ ಒಂದು. ಅದರ ಒಂದು ಮೂಲೆ ಸೀದಾ ಇರಲಿಲ್ಲ. ಎರಡು ಹಲ್ಲಿನ ಗುರುತು, ಇಲಿ ಕಚ್ಚಿದ ಹಾಗೆ. ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ತೂತಿನ ಅಂಚಿನ ಎಳೆಗಳು ಹೊರಕ್ಕೆ ಬಾಗಿ ಒಣಗಿದ್ದವು, ಪಕ್ಕದಲ್ಲಿ ಪೆನ್ಸಿಲಿನಿಂದ '10' ಎಂದಿತ್ತು. ಬೇರೇನೂ ಇರಲಿಲ್ಲ. ತಾರೀಖು ಕೂಡ.

ಆ ಸ್ಪರ್ಧೆಯ ರಾತ್ರಿ, ಕೋಳಿಗೂಡಿನ ಬಾಗಿಲು ಹಾಕಿ ಬರುತ್ತೇನೆ ಎಂದು ಹೋದ ಅಪ್ಪ ತಡವಾಗಿ ಬಂದಿದ್ದ. ಬೂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಸರೋವರದವನ ಹಾಗೆ ಅಪ್ಪನ ಪಾದ ಇಟ್ಟಲ್ಲೆಲ್ಲ ಒದ್ದೆ ಎಂದು ಅವಳು ಮಂಚದ ಮೇಲಿಂದ ನೋಡಿ ಅಂದುಕೊಂಡದ್ದು ಈಗ ನೆನಪಾಯಿತು. ಕೋಳಿಗೂಡಿಗೆ ಹೋಗುವ ದಾರಿಯಲ್ಲಿ ನೀರಿಲ್ಲ, ನೀರಿರುವುದು ಗುರಿಹಳ್ಳದಲ್ಲಿ ಎಂಬುದು ಆಗ ಹೊಳೆದಿರಲಿಲ್ಲ. ಆ ರಾತ್ರಿಯೇ ಅವನು ಮೊದಲ ಸಲ ಕೇಳಿದ್ದು. ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟು, ದೀಪ ಆರಿಸುವ ಮುಂಚೆ, ಅವಳ ಕೋಣೆಯ ಬಾಗಿಲಲ್ಲಿ ನಿಂತು: ಏನಾದ್ರೂ ಹೇಳೋದಿದ್ಯಾ? ಇಲ್ಲಪ್ಪಾ, ಎಂದಿದ್ದಳು. ಮರುದಿನವೂ ಕೇಳಿದ. ಅದರ ಮರುದಿನವೂ. ಕೇಳಿ ಕೇಳಿ ಅದು ಗಡಿಯಾರದ ಕೀಲಿಯಷ್ಟೇ ಮಾಮೂಲಾಗಿ, ಏನಾದ್ರೂ ಹೇಳೋದಿದ್ಯಾ ಎಂದರೆ ಮಲಗು ಎಂದೇ ಅರ್ಥ ಎಂದು ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಜ್ವರ ಬಂದಾಗ ಕೇಳಿದ್ದ. ಫ್ಲುರಿನ್ ಮದುವೆಯಾದ ದಿನ ಕೇಳಿದ್ದ. ಕಣ್ಣು ಹೋದ ಮೇಲೆ ಗೋಡೆ ತಡಕಿಕೊಂಡು ಬಂದು ಕೇಳಿದ್ದ. ನಿನ್ನೆ ರಾತ್ರಿ ಕೇಳಿದ್ದ. ಮೂವತ್ತಮೂರು ವರ್ಷದ ರಾತ್ರಿಗಳನ್ನು ಗುಣಿಸಲು ಅವಳ ಮನಸ್ಸು ಹೊರಟು, ಅರ್ಧದಲ್ಲಿ ಹೆದರಿ ನಿಂತಿತು. ನಂಬಿದ್ದ ಎಂದುಕೊಂಡಿದ್ದಳು. ನಂಬಿಕೆಯ ಭಾರವೇ ಹೊರಲಾಗದ್ದು ಎಂದುಕೊಂಡಿದ್ದಳು. ಅವನು ನಂಬಿರಲಿಲ್ಲ, ಒಂದು ದಿನವೂ. ಗುಂಡು ಎಲ್ಲಿ ಹೋಯಿತೆಂದು ಹೊಡೆದವನಿಗೆ ಗೊತ್ತಿರುತ್ತದೆ. ಹಾಗಾದರೆ ಬೇಡ ಎಂದದ್ದು, ಎಲ್ಲರೆದುರು ತೇಪೆ ಎಣಿಸುವುದು ಬೇಡ ಎಂದು. ಮೂರು ಗ್ಲಾಸು, ನಾಲ್ಕು ಗ್ಲಾಸು. ಅವಳು ಹೊತ್ತಿದ್ದೇನೆ ಎಂದುಕೊಂಡಿದ್ದ ಗುಟ್ಟಿನ ಒಂದು ಎಳೆಯೂ ಅವಳದಾಗಿರಲಿಲ್ಲ. ಅವನು ಹೊತ್ತುಕೊಂಡು, ಪ್ರತಿ ರಾತ್ರಿ ಅವಳ ಬಾಗಿಲಿಗೆ ತಂದು, ತೆಗೆದುಕೋ ಎಂದು ಹಿಡಿದು, ಅವಳು ತೆಗೆದುಕೊಳ್ಳದೆ, ಮತ್ತೆ ಹೊತ್ತುಕೊಂಡು ಹೋಗುತ್ತಿದ್ದ. ಹೇಳುವುದಕ್ಕೆ ಇನ್ನು ಏನು ಉಳಿದಿದೆ? ಗೊತ್ತಿರುವುದನ್ನು ಹೇಳಿದರೆ ಅದು ಹೇಳಿದಂತಾಗುತ್ತದೆಯೆ? ಇಲ್ಲ, ಹೇಳಬೇಕಾದದ್ದು ಈಗಲೇ ಹೆಚ್ಚು, ಮೊದಲಿಗಿಂತ ಸಾವಿರ ಪಟ್ಟು ಹೆಚ್ಚು. ಮತ್ತು ಬಿಲದ ಬಾಯಿ ಅಷ್ಟೇ ಚಿಕ್ಕದಿದೆ.

"ಮೆಂಗಾ?"

ಅವಳು ಕಪ್ಪು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು. ಗುಳಿಯಲ್ಲಿಟ್ಟಳು. ಮೇಲೆ ಹೆಸರಿನ ಚೀಟಿ, ಅದರ ಮೇಲೆ ತಟ್ಟೆ. ಸ್ಕ್ರೂ ಒಂದು ಸಲ ಬೆರಳಿನಿಂದ ಜಾರಿ ಮೇಜಿನಡಿ ಉರುಳಿತು, ಹುಡುಕಿ ತಂದು ಬಿಗಿದಳು. ಮೇಣದಬತ್ತಿ ಹಚ್ಚಿ ನಳಿಗೆ ತುದಿಯ ಕಡ್ಡಿಯನ್ನು ಹೊಗೆಗೆ ಹಿಡಿದಳು. ಮಸಿ ಒಂದು ಪಕ್ಕಕ್ಕೆ ಹೆಚ್ಚು ಕೂತಿತು.

"ಇಲ್ಲಿ ತಾ. ಒಂದು ಸಲ ಹಿಡಿದು ನೋಡ್ತೀನಿ."

ಒಲೆಯ ಕೋಣೆಯಲ್ಲಿ ಬೆಚ್ಚಗಿತ್ತು, ಹಳೆಯ ಪೈನ್ ಹಲಗೆಗಳ ವಾಸನೆಯಿತ್ತು. ಬೋಲ್ಟ್ ತೆಗೆದಿಟ್ಟು ಬರಿಯ ಕೋವಿಯನ್ನು ಅವಳು ಅವನ ಮಡಿಲಿಗೆ ಅಡ್ಡಡ್ಡ ಇಟ್ಟಳು. ಅಪ್ಪನ ಕೈಗಳು ಅದನ್ನು ತಕ್ಷಣ ಹಿಡಿಯಲಿಲ್ಲ. ಮೇಲೆ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಇಳಿದವು. ನಳಿಗೆ ಸವರಿದ. ಗುಂಡು ತುಂಬುವ ಬಾಯಿ ಸವರಿದ. ಬುಡದ ಮರದ ಗಾಯಗಳನ್ನು ಒಂದೊಂದಾಗಿ ಗುರುತು ಹಿಡಿದ.

"ಒಳ್ಳೆ ಕೆಲಸ ಮಾಡಿದೀಯ. ಒಣಗಿದೆ." ಆಮೇಲೆ, "ತಟ್ಟೆ ಬಿಚ್ಚಿದೆಯಾ?"

ಕಿಟಕಿಯಾಚೆ ಬೆಟ್ಟದ ನೆತ್ತಿಯಲ್ಲಿ ಹಿಮ ಬಿದ್ದಿತ್ತು, ಈ ವರ್ಷದ ಮೊದಲನೆಯದು, ಉಪ್ಪು ಚೆಲ್ಲಿದಷ್ಟೇ. ಅವಳು ಅದನ್ನೇ ನೋಡುತ್ತಿದ್ದಳು.

"ಇಲ್ಲಪ್ಪಾ. ತುಕ್ಕು ಹಿಡಿದಿತ್ತು. ಸ್ಕ್ರೂ ಅಲ್ಲಾಡಲೇ ಇಲ್ಲ, ಬಿಟ್ಟುಬಿಟ್ಟೆ."

ಅಪ್ಪನ ಹೆಬ್ಬೆರಳು ಬುಡದ ತಟ್ಟೆಯ ಮೇಲೆ ಬಂತು. ಉಕ್ಕಿನ ಅಂಚು ಹಿಡಿದು ಮೇಲಕ್ಕೆ ಹೋಗಿ ಮೊದಲ ಸ್ಕ್ರೂವನ್ನು ಮುಟ್ಟಿತು. ಉಗುರು ಸೀಳಿನೊಳಗೆ ಕೂತು, ಸೀಳು ಯಾವ ಕಡೆಗಿದೆಯೋ ಆ ಕಡೆಗೆ ಸರಿಯಿತು. ಅದು ನೆಟ್ಟಗಿತ್ತು, ಆಕಸ್ಮಿಕವಾಗಿ. ಕೆಳಗೆ ಇಳಿಯಿತು. ಎರಡನೆಯದರ ಸೀಳಿನಲ್ಲಿ ಉಗುರು ಕೂತು ಅಡ್ಡಕ್ಕೆ ಸರಿಯಿತು, ಕಾಲುಭಾಗ ವಾಲಿದ ಸೀಳಿನ ಗುಂಟ, ಅಲ್ಲೇ ನಿಂತಿತು. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಕುರುಡರ ಮುಖದಲ್ಲಿ ಬದಲಾಗಲು ಏನೂ ಇರುವುದಿಲ್ಲ ಎಂದು ಇಷ್ಟು ವರ್ಷ ಅವಳು ಅಂದುಕೊಂಡಿದ್ದು ಸುಳ್ಳು, ಇದ್ದದ್ದನ್ನೆಲ್ಲ ಅವನು ತಡೆದು ಹಿಡಿದಿದ್ದ, ಅಷ್ಟೇ. ಆಮೇಲೆ, ಹಗಲಿನ ಬೆಳಕಿನಲ್ಲಿ, ಮೊಟ್ಟಮೊದಲ ಬಾರಿಗೆ ಅವಳ ಹೆಸರು ಸೇರಿಸಿ ಕೇಳಿದ.

"ಏನಾದ್ರೂ ಹೇಳೋದಿದ್ಯಾ, ಮೆಂಗಾ?"

ಬಾಯಿ ತೆರೆಯಿತು. ಒಳಗಿನದು ಎದ್ದು ಬಿಲದ ಬಾಯಿಯವರೆಗೂ ಬಂತು, ಅವಳಿಗೆ ಅದರ ಮೈಯ ಬಿಸಿ ತಾಗಿತು. ಅದರಲ್ಲಿ ತೂರಲಾಗಲಿಲ್ಲ.

"ಇಲ್ಲಪ್ಪಾ."

ಅಪ್ಪ ತಲೆಯಾಡಿಸಿದ. ಎಡಕ್ಕೂ ಬಲಕ್ಕೂ ಅಲ್ಲ, ಮೇಲು-ಕೆಳಗೆ, ಒಪ್ಪಿಕೊಂಡವನ ಹಾಗೆ. "ಸ್ಕ್ರೂ ಡ್ರೈವರ್ ಕೊಡು," ಎಂದ.

ತಂದುಕೊಟ್ಟಳು. ಎಡಗೈಯ ಹೆಬ್ಬೆರಳಿನಿಂದ ಸ್ಕ್ರೂವಿನ ತಲೆಯನ್ನು ಹುಡುಕಿ ಹಿಡಿದು, ಬಲಗೈಯಿಂದ ಸೀಳಿಗೆ ತುದಿಯನ್ನು ಕೂರಿಸಿ, ಅವನು ನಿಧಾನಕ್ಕೆ ಕಾಲು ಸುತ್ತು ತಿರುಗಿಸಿದ. ಉಗುರಿನಿಂದ ಮುಟ್ಟಿ ನೋಡಿದ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ. ಮತ್ತೆ ಮುಟ್ಟಿ ನೋಡಿದ. ಸೀಳು ನೆಟ್ಟಗೆ ನಿಂತಿತ್ತು.

"ತಗೋ," ಎಂದು ಕೋವಿಯನ್ನು ಅವಳತ್ತ ಎತ್ತಿ ಹಿಡಿದ. "ನಾಳೆ ಉಸಿರು ಅರ್ಧ ಬಿಟ್ಟು ಒತ್ತು. ಗುಂಡು ಎಲ್ಲಿ ಬಿತ್ತು ಅಂತ ಹಳ್ಳದವರು ತೋರಿಸಿದ್ದನ್ನೇ ಒಪ್ಪಿಕೋ."